ಹ್ಯಾಮ್ ಪ್ರಶ್ನೋತ್ತರ: 136 ಮತ್ತು 475 ಕಿಲೋಹರ್ಟ್ಸ್‌ನ ಕ್ಷೀಣ ಸಂಕೇತಗಳು

ಹವ್ಯಾಸಿ ರೇಡಿಯೋದಲ್ಲಿ ಮೀಡಿಯಂ ವೇವ್‌ಗಿಂತ ಕೆಳಗೆ ಎರಡು ಚಿಕ್ಕ ಪಟ್ಟಿಗಳಿವೆ. 135.7ರಿಂದ 137.8 ಕಿಲೋಹರ್ಟ್ಸ್‌ವರೆಗಿನ 2200 ಮೀಟರ್ ಪಟ್ಟಿಗೆ 2007ರಲ್ಲಿ, 472ರಿಂದ 479 ಕಿಲೋಹರ್ಟ್ಸ್‌ವರೆಗಿನ 630 ಮೀಟರ್ ಪಟ್ಟಿಗೆ 2012ರಲ್ಲಿ ಅಂತರರಾಷ್ಟ್ರೀಯ ಒಪ್ಪಿಗೆ ಸಿಕ್ಕಿತು. ಆಂಟೆನಾದಿಂದ ಹೊರಡುವ ಶಕ್ತಿಗೆ ಒಂದು ವ್ಯಾಟ್, ಕೆಲವೆಡೆ 475ರಲ್ಲಿ ಐದು ವ್ಯಾಟ್ ಮಿತಿ ಇದೆ. ಅಷ್ಟರಲ್ಲೇ ಸಾವಿರಾರು ಕಿಲೋಮೀಟರ್ ದಾಟಿ ಬಂದದ್ದನ್ನು ಹಿಡಿಯಬೇಕು. ಈ ಸಲದ ಪ್ರಶ್ನೆಗಳೆಲ್ಲ ಇದರ ಸುತ್ತಲೇ ಇವೆ. ಹೆಚ್ಚಿನವರು ಕೇಳಿರುವುದು ಆಲಿಸುವ ಬಗ್ಗೆ. ಪ್ರಸಾರ ಮಾಡುವವರು ಮೊದಲು ತಮ್ಮ ಪರವಾನಗಿಯ ಆವರ್ತನ ಪಟ್ಟಿಯನ್ನು ನೋಡಿಕೊಳ್ಳಿ.

ಪ್ರಶ್ನೆ: ಆರ್‌ಟಿಎಲ್ ಡಾಂಗಲ್‌ನಲ್ಲಿ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರ್) ಡೈರೆಕ್ಟ್ ಸ್ಯಾಂಪ್ಲಿಂಗ್ ಹಾಕಿದ್ದೇನೆ, ಅಂದರೆ ಆಂಟೆನಾ ಸಂಕೇತ ನೇರ ಪರಿವರ್ತಕಕ್ಕೇ ಹೋಗುತ್ತದೆ. ಮೀಡಿಯಂ ವೇವ್ ಚೆನ್ನಾಗಿದೆ. 136ರ ಕಡೆಗೆ ಇಳಿದರೆ ಅಲ್ಲೂ ಆಕಾಶವಾಣಿಯ ಹಾಡೇ ಕೇಳಿಸುತ್ತದೆ. ಡಾಂಗಲ್ ಕೆಟ್ಟಿದೆಯೇ? — ಓದುಗರು, ದಾವಣಗೆರೆ

ಕೆಟ್ಟಿಲ್ಲ, ಉಸಿರುಗಟ್ಟಿದೆ. ಈ ಡಾಂಗಲ್‌ನ ಪರಿವರ್ತಕ 8 ಬಿಟ್‌ನದು. ಬಲವಾದ ಮೀಡಿಯಂ ವೇವ್ ಸ್ಟೇಷನ್ ಒಳನುಗ್ಗಿದರೆ ಅದು ತುಂಬಿಹೋಗುತ್ತದೆ, ಆಗ ಎರಡು ಸ್ಟೇಷನ್‌ಗಳು ಒಳಗೇ ಬೆರೆತು ಇಲ್ಲದ ಜಾಗದಲ್ಲಿ ಮೂರನೆಯದೊಂದು ಹುಟ್ಟುತ್ತದೆ. ಪರೀಕ್ಷೆ ಸುಲಭ: ರಾತ್ರಿ 153 ಕಿಲೋಹರ್ಟ್ಸ್‌ಗೆ ಹೋಗಿ. ಧಾರವಾಡದ 765ರಿಂದ ಬೆಂಗಳೂರಿನ 612 ಕಳೆದರೆ ಬರುವ ಸಂಖ್ಯೆ ಅದು. ಎರಡೂ ಅಲ್ಲಿ ಒಟ್ಟಿಗೆ ಮಾತನಾಡುತ್ತಿದ್ದರೆ ಅವು ಹೊರಗಿನಿಂದ ಬಂದದ್ದಲ್ಲ, ನಿಮ್ಮ ಡಾಂಗಲ್‌ನಲ್ಲೇ ಹುಟ್ಟಿದ್ದು.

ಆಂಟೆನಾಕ್ಕೂ ಡಾಂಗಲ್‌ಗೂ ನಡುವೆ ಕೆಳ ಆವರ್ತನಗಳನ್ನಷ್ಟೇ ಬಿಡುವ ಲೋ-ಪಾಸ್ ಫಿಲ್ಟರ್ ಹಾಕಿ. 50 ಓಮ್‌ಗೆ ಲೆಕ್ಕ ಹೀಗೆ: ಒಳಬದಿಯಲ್ಲಿ ನೆಲಕ್ಕೆ 10 ನ್ಯಾನೋಫ್ಯಾರಡ್, ಸಾಲಿನಲ್ಲಿ 68 ಮೈಕ್ರೋಹೆನ್ರಿ ಕಾಯಿಲ್, ನಡುವೆ ನೆಲಕ್ಕೆ 33 ನ್ಯಾನೋಫ್ಯಾರಡ್, ಮತ್ತೆ 68 ಮೈಕ್ರೋಹೆನ್ರಿ, ಕೊನೆಗೆ ನೆಲಕ್ಕೆ 10 ನ್ಯಾನೋಫ್ಯಾರಡ್. 137ರಲ್ಲಿ ನಷ್ಟ ಅರ್ಧ ಡೆಸಿಬೆಲ್ಲೂ ಇಲ್ಲ, 612ರಲ್ಲಿ 45 ಡೆಸಿಬೆಲ್‌ಗಿಂತ ಹೆಚ್ಚು ತಡೆ. ಕೆಪಾಸಿಟರ್ ಫಿಲ್ಮ್‌ನದ್ದಾಗಲಿ. ಅಗ್ಗದ ಡಿಸ್ಕ್ ಸಿರಾಮಿಕ್‌ನ ಕೆಪಾಸಿಟಿ ಬಿಸಿಲು-ನೆರಳಿಗೇ ಬದಲಾಗುತ್ತದೆ. ಎರಡು ಕಾಯಿಲ್‌ಗಳನ್ನು ಒಂದಕ್ಕೊಂದು ಲಂಬವಾಗಿ ಕೂರಿಸಿ, ಇಲ್ಲದಿದ್ದರೆ ಸಂಕೇತ ಫಿಲ್ಟರನ್ನು ಹಾರಿ ಆಚೆ ಹೋಗುತ್ತದೆ. 475ಕ್ಕೆ ಈ ಫಿಲ್ಟರ್ ನಡೆಯುವುದಿಲ್ಲ. ಅಲ್ಲಿ ಟ್ಯೂನ್ ಮಾಡಿದ ಲೂಪ್ ಆಂಟೆನಾವೇ ಫಿಲ್ಟರಿನ ಕೆಲಸ ಮಾಡಬೇಕು.

ಇನ್ನೊಂದು ದಾರಿ 125 ಮೆಗಾಹರ್ಟ್ಸ್‌ಗೆ ಏರಿಸುವ ಅಪ್‌ಕನ್ವರ್ಟರ್. ಆದರೆ ಅದರಲ್ಲಿ ಒಂದು ಹಳ್ಳವಿದೆ. 137 ಕಿಲೋಹರ್ಟ್ಸ್‌ನಲ್ಲಿ ನೇರವಾಗಿ ಕೇಳುವ ರಿಸೀವರ್‌ಗೆ ದಶಲಕ್ಷದಲ್ಲಿ ಒಂದು ಪಾಲು ತಪ್ಪಿದ್ದರೆ 0.14 ಹರ್ಟ್ಸ್ ಆಚೀಚೆ, ಅಷ್ಟೆ. ಅಪ್‌ಕನ್ವರ್ಟರ್‌ನ 125 ಮೆಗಾಹರ್ಟ್ಸ್ ಹರಳಿಗೆ ಅದೇ ತಪ್ಪಿದ್ದರೆ 125 ಹರ್ಟ್ಸ್. ವಿಸ್ಪರ್ (ಡಬ್ಲ್ಯೂಎಸ್‌ಪಿಆರ್, ಅತಿ ಕ್ಷೀಣ ಸಂಕೇತವನ್ನು ಕಂಪ್ಯೂಟರ್ ಓದುವ ವಿಧಾನ) ಸಂಕೇತಕ್ಕೆ ನೀವು ಕಾಯುವ ಕಿಟಕಿಯೇ 200 ಹರ್ಟ್ಸ್ ಅಗಲ. ಹೊಸದಾಗಿ ಕೊಳ್ಳುವವರು ಕೆಳ ಆವರ್ತನಕ್ಕೆಂದೇ ಮಾಡಿದ ರಿಸೀವರ್ ಕೊಳ್ಳುವುದು ಮೇಲು. ಏರ್‌ಸ್ಪೈ ಎಚ್‌ಎಫ್ ಪ್ಲಸ್ ಡಿಸ್ಕವರಿ, ಎಸ್‌ಡಿಆರ್‌ಪ್ಲೇ ಆರ್‌ಎಸ್‌ಪಿ1ಎ ಎರಡೂ ಇಷ್ಟು ಕೆಳಗೆ ನೇರವಾಗಿ ಇಳಿಯುತ್ತವೆ.

ಪ್ರಶ್ನೆ: ತರಂಗದ ಉದ್ದವೇ 2200 ಮೀಟರ್. ನನಗಿರುವುದು ಒಂದು ತಾರಸಿ. ಆಂಟೆನಾ ಸಾಧ್ಯವೇ? — ಓದುಗರು, ಮೈಸೂರು

ಆಲಿಸಲು ತಂತಿ ಸುತ್ತಿದ ಒಂದು ಮೀಟರ್ ಚೌಕವೇ, ಅಂದರೆ ಲೂಪ್ ಆಂಟೆನಾವೇ, ಸಾಕು. ಈ ಆವರ್ತನಗಳಲ್ಲಿ ಹೊರಗಿನ ಗದ್ದಲ, ಅಂದರೆ ಸಿಡಿಲಿನದ್ದು ಮತ್ತು ಊರಿನದ್ದು, ರಿಸೀವರ್‌ನ ಸ್ವಂತ ಗದ್ದಲಕ್ಕಿಂತ ಎಷ್ಟೋ ಜೋರು. ಆಂಟೆನಾ ದೊಡ್ಡದಾದರೆ ಸಂಕೇತ, ಗದ್ದಲ ಎರಡೂ ಒಟ್ಟಿಗೇ ಏರುತ್ತವೆ, ಅನುಪಾತ ಬದಲಾಗುವುದಿಲ್ಲ. ಆಂಟೆನಾ ಸಾಕೇ ಎಂದು ತಿಳಿಯಲು ಕನೆಕ್ಟರ್ ಬಿಚ್ಚಿ ನೋಡಿ. ಗದ್ದಲದ ಮಟ್ಟ 6ರಿಂದ 10 ಡೆಸಿಬೆಲ್ ಇಳಿದರೆ ಸಾಕಷ್ಟಿದೆ ಎಂದರ್ಥ. ಅದರ ಮೇಲೆ ಆಂಪ್ಲಿಫೈಯರ್ ಸೇರಿಸುವುದು ದಂಡ.

ಲೂಪ್ ಅಳತೆ: ಒಂದು ಮೀಟರ್ ಬದಿಯ ಮರದ ಅಥವಾ ಪಿವಿಸಿ ಚೌಕಟ್ಟು, 0.5 ಚದರ ಮಿಲಿಮೀಟರ್‌ನ ಸಾಮಾನ್ಯ ವೈರಿಂಗ್ ತಂತಿ 15 ಸುತ್ತು, ಒಟ್ಟು 60 ಮೀಟರ್. ಇಂಡಕ್ಟೆನ್ಸ್ ಸುಮಾರು 0.7 ಮಿಲಿಹೆನ್ರಿ ಬರುತ್ತದೆ. 137ಕ್ಕೆ ಟ್ಯೂನ್ ಮಾಡಲು 1900 ಪಿಕೋಫ್ಯಾರಡ್ ಆಸುಪಾಸು ಬೇಕು. 1500ರ ಸ್ಥಿರ ಫಿಲ್ಮ್ ಕೆಪಾಸಿಟರ್‌ಗೆ ಹಳೆಯ ವಾಲ್ವ್ ರೇಡಿಯೋದ ಗ್ಯಾಂಗ್ ಕಂಡೆನ್ಸರ್‌ನ (ತಿರುಗಿಸಿ ಟ್ಯೂನ್ ಮಾಡುವ ಕೆಪಾಸಿಟರ್) ಎರಡೂ ಭಾಗಗಳನ್ನು ಸಮಾಂತರವಾಗಿ ಸೇರಿಸಿ. 475ಕ್ಕೆ ಸ್ಥಿರ ಕೆಪಾಸಿಟರ್ ತೆಗೆದು ಗ್ಯಾಂಗ್‌ನ ಒಂದೇ ಭಾಗ ಬಳಸಿ. ಸಂಕೇತ ತೆಗೆಯಲು ಮುಖ್ಯ ಸುತ್ತುಗಳ ಪಕ್ಕದಲ್ಲೇ ಪ್ರತ್ಯೇಕವಾದ ಒಂದು ಸುತ್ತು ಹಾಕಿ ಕೋ-ಆಕ್ಸ್ ಕೇಬಲ್‌ಗೆ ಕೊಡಿ. ಟ್ಯೂನ್ ಆದಾಗ ವಾಟರ್‌ಫಾಲ್‌ನಲ್ಲಿ (ಯಾವ ಆವರ್ತನದಲ್ಲಿ ಎಷ್ಟು ಬಲವಿದೆ ಎಂದು ತೆರೆಯ ಮೇಲೆ ತೋರಿಸುತ್ತ ಸರಿಯುವ ಚಿತ್ರ) ಗದ್ದಲದ ಗುಡ್ಡವೊಂದು ಏಳುತ್ತದೆ, ಅದರ ನೆತ್ತಿ 137.5ಕ್ಕೆ ಬರುವಂತೆ ತಿರುಗಿಸಿ. ಮಳೆಯಲ್ಲಿ ನೆಂದರೆ ಟ್ಯೂನಿಂಗ್ ಸರಿಯುತ್ತದೆ, ಕೆಪಾಸಿಟರ್ ಡಬ್ಬಿಗೆ ಮುಚ್ಚಳ ಭದ್ರವಾಗಿರಲಿ.

ಲೂಪ್‌ಗೆ ದಿಕ್ಕಿದೆ. ಚೌಕದ ಅಂಚು ನೋಡುವ ಕಡೆ ಜೋರು, ಮುಖ ನೋಡುವ ಕಡೆ ಕಿವುಡು. ನಮ್ಮಲ್ಲಿಂದ ಜರ್ಮನಿ ವಾಯವ್ಯಕ್ಕೆ, ಜಪಾನ್ ಈಶಾನ್ಯಕ್ಕೆ. ಎರಡಕ್ಕೂ ನಡುವೆ 90 ಡಿಗ್ರಿಗಿಂತ ಸ್ವಲ್ಪ ಹೆಚ್ಚು ಅಂತರ. ಒಂದನ್ನು ನೋಡಿದರೆ ಇನ್ನೊಂದು ತಾನಾಗಿಯೇ ಕಿವುಡು ಬದಿಗೆ ಬೀಳುತ್ತದೆ. ಆದರೂ ತಿರುಗಿಸುವಾಗ ಲೆಕ್ಕಕ್ಕೆ ಇಡಬೇಕಾದ್ದು ದೂರದ ದೇಶವನ್ನಲ್ಲ, ಪಕ್ಕದ ಮನೆಯ ಸೋಲಾರ್ ಇನ್ವರ್ಟರನ್ನು. ಅದು ಎಲ್ಲಿ ಅಳಿಸಿಹೋಗುತ್ತದೋ ಅಲ್ಲಿ ಲೂಪ್ ನಿಲ್ಲಿಸಿ.

ಮಿನಿವ್ಹಿಪ್ ಎಂಬ ಪುಟ್ಟ ಸಕ್ರಿಯ ಆಂಟೆನಾ ಇನ್ನೂ ಚಿಕ್ಕದು, ಅಂಗೈಗಿಂತ ಸಣ್ಣ ತಾಮ್ರದ ಫಲಕ. ಆದರೆ ಅದರ ಕೋ-ಆಕ್ಸ್‌ನ ಹೊರಕವಚವೂ ಆಂಟೆನಾದ ಅರ್ಧ ಭಾಗವೇ. ನೆಲದ ತಂತಿಯನ್ನು ಕೋಣೆಯಲ್ಲಿ ಕೊಡದೆ ಕಂಬದ ಬುಡದಲ್ಲೇ ಕೊಡಿ. ಇಲ್ಲವಾದರೆ ಮನೆಯ ಗದ್ದಲವೆಲ್ಲ ಕೇಬಲ್ ಮೇಲೆ ಹತ್ತಿ ಫಲಕ ಸೇರುತ್ತದೆ. ಮನೆ ಒತ್ತೊತ್ತಾಗಿರುವ ಬಡಾವಣೆಯಲ್ಲಿ ನಮ್ಮ ಮತ ಲೂಪ್‌ಗೇ.

ಪ್ರಶ್ನೆ: ಲೂಪ್ ಕಟ್ಟಿದ್ದಾಯಿತು. ವಾಟರ್‌ಫಾಲ್ ತುಂಬ ಗೆರೆಗಳು, ಗುಡ್ಡಗಳು. ಸಂಕೇತ ಯಾವುದು, ಕಸ ಯಾವುದು? — ಓದುಗರು, ತುಮಕೂರು

ಬಹುಪಾಲು ಕಸವೇ. ಸಮಾಧಾನದ ಸಂಗತಿಯೆಂದರೆ ಅದರಲ್ಲಿ ಅರ್ಧ ನಿಮ್ಮ ಮನೆಯದ್ದೇ ಆಗಿರುತ್ತದೆ, ಅಂದರೆ ನಿಮ್ಮ ಕೈಯಲ್ಲೇ ಇದೆ.

ಗೆರೆಗಳು 50 ಅಥವಾ 100 ಹರ್ಟ್ಸ್ ಅಂತರದಲ್ಲಿ ಸಾಲಾಗಿ ನಿಂತಿದ್ದರೆ ಮೂಲ ಕರೆಂಟಿನದು: ಡಿಮ್ಮರ್, ಫ್ಯಾನ್ ರೆಗ್ಯುಲೇಟರ್, ಡಯೋಡ್ ಇರುವ ಅಡಾಪ್ಟರ್. ಅಗಲವಾದ, ನಿಧಾನವಾಗಿ ಅತ್ತಿತ್ತ ಜಾರುವ ಗುಡ್ಡ ಎಸ್‌ಎಂಪಿಎಸ್‌ನದು, ಅಂದರೆ ವೇಗವಾಗಿ ಆನ್-ಆಫ್ ಆಗುತ್ತ ಕರೆಂಟ್ ಪರಿವರ್ತಿಸುವ ಪವರ್ ಸಪ್ಲೈನದು. ಫೋನ್ ಚಾರ್ಜರ್, ಎಲ್‌ಇಡಿ ಬಲ್ಬ್, ಟಿವಿಗಳ ಸ್ವಿಚಿಂಗ್ ಆವರ್ತನ ಹತ್ತಾರು ಕಿಲೋಹರ್ಟ್ಸ್‌ನಲ್ಲೇ ಇರುವುದರಿಂದ ಅವುಗಳ ಎರಡನೆಯ, ಮೂರನೆಯ ಹಾರ್ಮೋನಿಕ್ (ಎರಡು, ಮೂರು ಪಟ್ಟು ಆವರ್ತನ) ನೇರ ನಿಮ್ಮ ಪಟ್ಟಿಯ ಮೇಲೆ ಬೀಳುತ್ತದೆ. ಹಗಲು ಮಾತ್ರ ಇದ್ದು ಸಂಜೆ ಮಾಯವಾಗುವುದು ಸೋಲಾರ್ ಇನ್ವರ್ಟರ್. ದಿನವಿಡೀ ಒಂದೇ ಕಡೆ ಅಲುಗಾಡದೆ ನಿಂತ ಗೆರೆಯಿದ್ದು ಸಬ್‌ಸ್ಟೇಷನ್ ಹತ್ತಿರದಲ್ಲಿದ್ದರೆ ಅದು ಪಿಎಲ್‌ಸಿಸಿ ಇರಬಹುದು. ಹೈಟೆನ್ಷನ್ ತಂತಿಯ ಮೇಲೆಯೇ ಮಾತು, ರಕ್ಷಣಾ ಸಂಕೇತ ಕಳಿಸುವ ವ್ಯವಸ್ಥೆ ಅದು. 50ರಿಂದ 500 ಕಿಲೋಹರ್ಟ್ಸ್ ನಡುವೆ ಅಧಿಕೃತವಾಗಿಯೇ ನಡೆಯುತ್ತದೆ. ಅದನ್ನು ನಿಲ್ಲಿಸಲಾಗದು, ಲೂಪ್ ತಿರುಗಿಸಿ ತಗ್ಗಿಸಬಹುದು.

ಕಸ ಹುಡುಕಲು ಪವರ್ ಕಟ್‌ಗಿಂತ ಒಳ್ಳೆಯ ಸಮಯವಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿರಲಿ, ಮನೆಯ ಯುಪಿಎಸ್ ಪೂರ್ತಿ ಆರಿಸಿ, ಹತ್ತು ನಿಮಿಷದ ವಾಟರ್‌ಫಾಲ್ ಚಿತ್ರ ಉಳಿಸಿಕೊಳ್ಳಿ. ಬೀದಿಯವರ ಯುಪಿಎಸ್‌ಗಳು ಆ ಹೊತ್ತಿಗೆ ಏಳುತ್ತವೆ ಎನ್ನುವುದು ನಿಜ, ಆದರೂ ಹೋಲಿಕೆಗೆ ಅಡ್ಡಿಯಿಲ್ಲ. ಕರೆಂಟ್ ಬಂದ ಮೇಲೆ ಮೇನ್ ಸ್ವಿಚ್ ಇಳಿಸಿ, ಒಂದೊಂದೇ ಎಂಸಿಬಿ ಏರಿಸುತ್ತ ಯಾವುದಕ್ಕೆ ಯಾವ ಗುಡ್ಡ ಏಳುತ್ತದೆ ಎಂದು ಬರೆದಿಡಿ.

ಉಳಿದ ಕಸ ಬರುವುದು ಕೋ-ಆಕ್ಸ್‌ನ ಹೊರಕವಚದ ಮೇಲೆ. ಅದನ್ನು ತಡೆಯಲು ಕೇಬಲನ್ನು ಫೆರೈಟ್ ಉಂಗುರಕ್ಕೆ ಸುತ್ತಿ ಚೋಕ್ ಮಾಡುತ್ತಾರೆ. ಇಲ್ಲಿ ಎಚ್‌ಎಫ್ (ಶಾರ್ಟ್ ವೇವ್) ಅಭ್ಯಾಸ ಕೈಕೊಡುತ್ತದೆ. 43ನೇ ನಮೂನೆಯ ದೊಡ್ಡ ಫೆರೈಟ್ ಉಂಗುರಕ್ಕೆ 20 ಸುತ್ತು ಹಾಕಿದರೂ 137ರಲ್ಲಿ ಸಿಗುವ ತಡೆ ಸುಮಾರು 370 ಓಮ್. 75 ಅಥವಾ ಜೆ ನಮೂನೆಯಲ್ಲಿ ಅಷ್ಟೇ ಸುತ್ತಿಗೆ 2000 ಓಮ್ ದಾಟುತ್ತದೆ. ಅದು ಸಿಗದಿದ್ದರೆ ಕೆಟ್ಟ ಕಂಪ್ಯೂಟರ್ ಎಸ್‌ಎಂಪಿಎಸ್ ಬಿಚ್ಚಿ, ಕರೆಂಟ್ ಒಳಬರುವ ಕಡೆಯ ಲೈನ್ ಫಿಲ್ಟರ್‌ನ ಉಂಗುರ ತೆಗೆಯಿರಿ, ಸಾಮಾನ್ಯವಾಗಿ ಹಸಿರು ಬಣ್ಣದ್ದು. ಬಿಚ್ಚುವ ಮುನ್ನ ದೊಡ್ಡ ಕೆಪಾಸಿಟರ್‌ಗಳ ಚಾರ್ಜ್ ಇಳಿದಿದೆಯೇ ಮೀಟರ್‌ನಲ್ಲಿ ನೋಡಿ. ಅದೇ ಡಬ್ಬಿಯಲ್ಲಿರುವ ಹಳದಿ-ಬಿಳಿ ಉಂಗುರ ಕಬ್ಬಿಣದ ಪುಡಿಯದು, ಈ ಕೆಲಸಕ್ಕೆ ಬಾರದು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಎರಡನ್ನೂ ಒಂದೇ ಬುಟ್ಟಿಯಲ್ಲಿ ಸುರಿದಿಟ್ಟಿರುತ್ತಾರೆ, ಬಣ್ಣ ನೋಡಿ ಆರಿಸಿ.

ಚೋಕ್‌ಗಿಂತ ಒಳ್ಳೆಯದು ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್. ಅಂಥದೇ ಉಂಗುರದ ಒಂದು ಬದಿಗೆ 15 ಸುತ್ತು, ಎದುರು ಬದಿಗೆ 15 ಸುತ್ತು, ಒಂದು ಆಂಟೆನಾ ಕೋ-ಆಕ್ಸ್‌ಗೆ, ಇನ್ನೊಂದು ರಿಸೀವರ್‌ಗೆ. ಎರಡು ಕವಚಗಳೂ ಎಲ್ಲಿಯೂ ತಾಗಬಾರದು. ಲೋಹದ ಡಬ್ಬಿಯಲ್ಲಿ ಎರಡೂ ಕನೆಕ್ಟರ್ ಕೂರಿಸಿದರೆ ಡಬ್ಬಿಯ ಮೂಲಕವೇ ಸೇರಿಹೋಗುತ್ತವೆ. ಪ್ಲಾಸ್ಟಿಕ್ ಡಬ್ಬಿ ಬಳಸಿ.

ಪ್ರಶ್ನೆ: ವಾಟರ್‌ಫಾಲ್‌ನಲ್ಲಿ ವಿಸ್ಪರ್ ಗೆರೆ ಕಣ್ಣಿಗೆ ಕಾಣುತ್ತದೆ, ಡಿಕೋಡ್ ಮಾತ್ರ ಆಗುವುದಿಲ್ಲ. — ಓದುಗರು, ಮ್ಯೂನಿಕ್

ಕಣ್ಣಿಗೆ ಕಾಣುವಷ್ಟಿದ್ದೂ ಡಿಕೋಡ್ ಆಗದಿದ್ದರೆ ಮೊದಲು ಗಡಿಯಾರ ನೋಡಿ. ನೊಬೆಲ್ ವಿಜೇತ ಭೌತವಿಜ್ಞಾನಿ ಜೋ ಟೇಲರ್ 2008ರಲ್ಲಿ ಹೊರತಂದ ಈ ವಿಧಾನದಲ್ಲಿ ಪ್ರಸಾರ ಯುಟಿಸಿಯ (ಜಾಗತಿಕ ಪ್ರಮಾಣ ಸಮಯ) ಸಮಸಂಖ್ಯೆಯ ನಿಮಿಷ ಶುರುವಾಗಿ ಒಂದು ಸೆಕೆಂಡಿಗೆ ಆರಂಭವಾಗಿ 110.6 ಸೆಕೆಂಡ್ ನಡೆಯುತ್ತದೆ. ನಿಮ್ಮ ಗಡಿಯಾರದ ತಪ್ಪು ಒಂದು ಸೆಕೆಂಡಿನೊಳಗಿರಲಿ. ವಿಂಡೋಸ್ ತಾನಾಗಿ ಸಮಯ ಸರಿಪಡಿಸುವುದು ಅಪರೂಪಕ್ಕೆ, ಅದನ್ನು ನಂಬಬೇಡಿ. ಇಂಟರ್ನೆಟ್‌ನಿಂದ ಸಮಯ ತರುವ ಎನ್‌ಟಿಪಿ ತಂತ್ರಾಂಶ ಅಥವಾ ಜಿಪಿಎಸ್ ಡಾಂಗಲ್ ಹಾಕಿ. ಎಸ್‌ಡಿಆರ್‌ನಿಂದ (ತಂತ್ರಾಂಶದಿಂದ ನಡೆಯುವ ರಿಸೀವರ್) ವರ್ಚುವಲ್ ಕೇಬಲ್ ಮೂಲಕ ಧ್ವನಿ ಸಾಗಿಸುವಾಗ ಅರ್ಧ ಸೆಕೆಂಡಿಗೂ ಮೀರಿ ತಡವಾಗಬಹುದು. ಒಂದೆರಡು ಬಲವಾದ ಸಂಕೇತ ಡಿಕೋಡ್ ಆದರೆ ಡಿಟಿ (ಸಮಯದ ವ್ಯತ್ಯಾಸ) ಕಾಲಂ ನೋಡಿ. ಎಲ್ಲದರಲ್ಲೂ ಒಂದೇ ಥರದ ದೊಡ್ಡ ಸಂಖ್ಯೆ ಇದ್ದರೆ ತಡ ನಿಮ್ಮ ಕಡೆಯದ್ದು.

ಎರಡನೆಯದು ಡಯಲ್. ಡಯಲ್‌ಗಿಂತ ಮೇಲಿನ ಆವರ್ತನಗಳನ್ನು ಕೇಳಿಸುವ ಅಪ್ಪರ್ ಸೈಡ್‌ಬ್ಯಾಂಡ್‌ನಲ್ಲಿ ಡಯಲ್ 136.000 ಇಟ್ಟರೆ ಸಂಕೇತ 137.4ರಿಂದ 137.6ರ ನಡುವೆ ಸಿಗುತ್ತದೆ. 630 ಮೀಟರ್‌ಗೆ ಡಯಲ್ 474.2, ಸಂಕೇತ 475.6ರಿಂದ 475.8. ಡಯಲ್ಲನ್ನೇ 475.6ಕ್ಕೆ ಇಟ್ಟು ರಾತ್ರಿಯಿಡೀ ಕಾಯುವವರು ಕಡಿಮೆಯಿಲ್ಲ.

ಮೂರನೆಯದು ಜಾರುವಿಕೆ. ಎರಡು ನಿಮಿಷದಲ್ಲಿ ಗೆರೆ ನಾಲ್ಕು ಹರ್ಟ್ಸ್‌ಗಿಂತ ಹೆಚ್ಚು ಓರೆಯಾದರೆ ತಂತ್ರಾಂಶ ಕೈಬಿಡುತ್ತದೆ. ಅಪ್‌ಕನ್ವರ್ಟರ್ ಇದ್ದರೆ ಫ್ಯಾನ್ ಗಾಳಿ ತಾಗದ ಡಬ್ಬಿಯಲ್ಲಿಟ್ಟು ಒಂದು ಗಂಟೆ ಮೊದಲೇ ಆನ್ ಮಾಡಿ.

ಕಂಪ್ಯೂಟರಿನ ಸೌಂಡ್ ಸೆಟ್ಟಿಂಗ್‌ನಲ್ಲಿ 48000 ಹರ್ಟ್ಸ್, 16 ಬಿಟ್ ಇಡಿ, ಧ್ವನಿ ಸುಧಾರಣೆಯ ಆಯ್ಕೆಗಳನ್ನೆಲ್ಲ ತೆಗೆಯಿರಿ. ಡಿಕೋಡ್ ಮಾಡುವ ತಂತ್ರಾಂಶ ಡಬ್ಲ್ಯೂಎಸ್‌ಜೆಟಿ-ಎಕ್ಸ್‌ನ ಹಸಿರು ಮಾಪಕ ಬರಿ ಗದ್ದಲಕ್ಕೆ 30ರ ಸುತ್ತ ನಿಲ್ಲಲಿ. ಗೇನನ್ನು ತಾನಾಗಿ ಹೊಂದಿಸುವ ಎಜಿಸಿಯನ್ನು ಆಫ್ ಮಾಡಿ. ಅದು ಓಡುತ್ತಿದ್ದರೆ ಪ್ರತಿ ಸಿಡಿಲಿಗೂ ಗೇನ್ ಕುಸಿದು, ಮೇಲೇಳುವಷ್ಟರಲ್ಲಿ ಸಂಕೇತದ ಒಂದು ತುಂಡು ಹೋಗಿರುತ್ತದೆ.

ಮೈನಸ್ 28 ಡೆಸಿಬೆಲ್‌ನಲ್ಲೂ ಡಿಕೋಡ್ ಆಗುವುದು ಹೇಗೆಂದು ಇದೇ ಓದುಗರು ಕೇಳಿದ್ದಾರೆ. ಆ ಸಂಖ್ಯೆ 2500 ಹರ್ಟ್ಸ್ ಅಗಲದ ಗದ್ದಲಕ್ಕೆ ಹೋಲಿಸಿದ್ದು. ವಿಸ್ಪರ್‌ನ ಒಂದೊಂದು ಸ್ವರ ಬೇಡುವ ಜಾಗ 1.46 ಹರ್ಟ್ಸ್ ಮಾತ್ರ. ಅಷ್ಟು ಸಣ್ಣ ಸಂದಿಯಲ್ಲಿ ನೋಡಿದರೆ ಗದ್ದಲ 32 ಡೆಸಿಬೆಲ್ ಕಡಿಮೆ, ಹಾಗಾಗಿ ಅಲ್ಲಿ ಸಂಕೇತವೇ ಮೇಲು.

ಪ್ರಶ್ನೆ: ವಿಸ್ಪರ್‌ಗೂ ಸಿಗದಷ್ಟು ಕ್ಷೀಣವಾದದ್ದಕ್ಕೆ ಏನು ಮಾಡುವುದು? — ಓದುಗರು, ಧಾರವಾಡ

ಇನ್ನೂ ನಿಧಾನವಾಗುವುದು. ಎಫ್‌ಎಸ್‌ಟಿ4ಡಬ್ಲ್ಯೂ ಎಂಬ ವಿಧಾನ ಡಬ್ಲ್ಯೂಎಸ್‌ಜೆಟಿ-ಎಕ್ಸ್‌ನಲ್ಲೇ ಇದೆ. 120, 300, 900, 1800 ಸೆಕೆಂಡ್‌ಗಳ ನಾಲ್ಕು ಅವಧಿಗಳು. 120ರಲ್ಲಿ ಮಿತಿ ಮೈನಸ್ 33ರ ಹತ್ತಿರ, 1800ರಲ್ಲಿ ಮೈನಸ್ 45ರ ಹತ್ತಿರ. ಆದರೆ 1800ರಲ್ಲಿ ಸ್ವರಗಳ ಅಂತರ ಹರ್ಟ್ಸ್‌ನ ಹತ್ತನೇ ಒಂದಕ್ಕೂ ಕಡಿಮೆ. ಅರ್ಧ ಗಂಟೆಯುದ್ದಕ್ಕೂ ನಿಮ್ಮ ರಿಸೀವರ್ ಅಷ್ಟೂ ಅಲುಗಬಾರದು. ಮೊದಲು 300ರಲ್ಲಿ ಕೈ ಕುದುರಲಿ.

ಕಣ್ಣಿನಿಂದಲೇ ಓದುವ ಹಳೆಯ ದಾರಿ ಕ್ಯೂಆರ್‌ಎಸ್‌ಎಸ್, ಅಂದರೆ ಅತಿ ನಿಧಾನದ ಮೋರ್ಸ್. ಒಂದು ಚುಕ್ಕೆಗೆ 3, 10, 30, 60 ಸೆಕೆಂಡ್. 60 ಸೆಕೆಂಡಿನ ಚುಕ್ಕೆಗೆ ಸ್ಪೆಕ್ಟ್ರಮ್ ಲ್ಯಾಬ್ ಎಂಬ ತಂತ್ರಾಂಶದಲ್ಲಿ 48000ದ ಸ್ಯಾಂಪ್ಲಿಂಗನ್ನು 64ರಿಂದ ಭಾಗಿಸಿ 750ಕ್ಕೆ ಇಳಿಸಿ, ಎಫ್‌ಎಫ್‌ಟಿ (ಸಂಕೇತವನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) ಉದ್ದ 32768 ಕೊಡಿ. ಒಂದು ಕಿಂಡಿ 0.023 ಹರ್ಟ್ಸ್ ಆಗುತ್ತದೆ, ಎಫ್‌ಎಫ್‌ಟಿಯ ಕಾಲಾವಧಿ 44 ಸೆಕೆಂಡ್. ಚಿತ್ರ 15–20 ಸೆಕೆಂಡಿಗೊಂದು ಗೆರೆಯಂತೆ ಸರಿಯಲಿ. ಎಫ್‌ಎಫ್‌ಟಿಯನ್ನು ಇನ್ನೂ ಉದ್ದ ಮಾಡಿದರೆ ಗೆರೆ ತೆಳ್ಳಗಾಗುತ್ತದೆ ನಿಜ, ಆದರೆ ಚುಕ್ಕೆಗಳ ನಡುವಿನ ತೆರವು ತುಂಬಿಕೊಂಡು ಎಲ್ಲವೂ ಒಂದೇ ಪಟ್ಟೆಯಾಗುತ್ತದೆ.

ಇಷ್ಟು ಆಳಕ್ಕೆ ಇಳಿದಾಗ ಸುಳ್ಳು ಡಿಕೋಡ್ ಕೂಡ ಬರುತ್ತದೆ. ಕರೆಸಂಕೇತಕ್ಕೂ ಗ್ರಿಡ್‌ಗೂ (ಸ್ಥಳ ಸೂಚಿಸುವ ಚೌಕದ ಸಂಕೇತ) ತಾಳೆಯಾಗುತ್ತದೆಯೇ, ಆ ಹೊತ್ತಿಗೆ ಅಲ್ಲಿ ರಾತ್ರಿಯೇ ಎಂದು ನೋಡಿ. ಒಂದೇ ಸಲ ಬಂದು ಮತ್ತೆ ಬಾರದ್ದನ್ನು ದಾಖಲೆಗೆ ಸೇರಿಸಬೇಡಿ.

ಪ್ರಶ್ನೆ: ಕರ್ನಾಟಕದಿಂದ ಖಂಡಿತ ಸಿಗುವ ಕೆಳ ಆವರ್ತನದ ಸಂಕೇತ ಯಾವುದು? ಯಾವ ಹೊತ್ತು ಒಳ್ಳೆಯದು? — ವಿದ್ಯಾರ್ಥಿನಿ, ಮಂಗಳೂರು

ತಿರುನೆಲ್ವೇಲಿ ಬಳಿಯ ವಿಜಯನಾರಾಯಣಂನಲ್ಲಿ ನಮ್ಮ ನೌಕಾಪಡೆಯ ಐಎನ್‌ಎಸ್ ಕಟ್ಟಬೊಮ್ಮನ್ ಕೇಂದ್ರವಿದೆ, 18.2 ಕಿಲೋಹರ್ಟ್ಸ್. ಆಸ್ಟ್ರೇಲಿಯಾದ ನಾರ್ತ್ ವೆಸ್ಟ್ ಕೇಪ್‌ನ ಎನ್‌ಡಬ್ಲ್ಯೂಸಿ ಕೇಂದ್ರ 19.8ರಲ್ಲಿ, ಸುಮಾರು 5500 ಕಿಲೋಮೀಟರ್ ದೂರದಿಂದ, ಒಂದು ಮೆಗಾವ್ಯಾಟ್ ಬಲದಲ್ಲಿ. ಎರಡಕ್ಕೂ ರೇಡಿಯೋನೇ ಬೇಡ. ಲ್ಯಾಪ್‌ಟಾಪ್‌ನ ಮೈಕ್ ಒಳದಾರಿ 24 ಕಿಲೋಹರ್ಟ್ಸ್‌ವರೆಗೆ ನೋಡಬಲ್ಲದು. ಹತ್ತು ಮೀಟರ್ ತಂತಿ, ಸಾಲಿನಲ್ಲಿ 10 ಕಿಲೋ ಓಮ್, ಒಳದಾರಿಗೆ ಅಡ್ಡಲಾಗಿ ಹಿಂದುಮುಂದಾಗಿ ಜೋಡಿಸಿದ ಎರಡು 1ಎನ್4148 ಡಯೋಡ್ ಸಾಕು. ಮೋಡ ಕಟ್ಟಿದರೆ ತಂತಿ ಬಿಚ್ಚಿ ಹೊರಗೆ ಹಾಕಿ, ಡಯೋಡ್ ಸಿಡಿಲಿಗೆ ಉತ್ತರವಲ್ಲ. ಸಂಕೇತ ತೆಳ್ಳನೆಯ ಗೆರೆಯಾಗಿ ಕಾಣದು, ನೂರಿನ್ನೂರು ಹರ್ಟ್ಸ್ ಅಗಲದ ದಿಬ್ಬದಂತಿರುತ್ತದೆ. ಅದನ್ನೇ ಕಸವೆಂದು ತಿಳಿದು ದಾಟಿಹೋಗಬೇಡಿ.

ಮುಂದಿನ ಮೆಟ್ಟಿಲು ಜಪಾನಿನ ಸಮಯ ಸಂಕೇತ ಜೆಜೆವೈ. ಅದಕ್ಕೆ ಎರಡು ಕೇಂದ್ರ: ಫುಕುಶಿಮಾ ಕಡೆಯದ್ದು 40ರಲ್ಲಿ, ಕ್ಯೂಶೂ ಕಡೆಯದ್ದು 60ರಲ್ಲಿ. ಮೊದಲನೆಯದು ನಮಗೆ ಸುಮಾರು 6800 ಕಿಲೋಮೀಟರ್. ಇದಕ್ಕೆ 96 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್‌ನ ಸೌಂಡ್ ಕಾರ್ಡ್ ಬೇಕು, 60ಕ್ಕೆ 192ರದ್ದು. ಪ್ರತಿ ಸೆಕೆಂಡಿಗೂ ಬಲ ಹತ್ತನೇ ಒಂದಕ್ಕೆ ಇಳಿದು ಏರುವುದರಿಂದ ಗುರುತಿಸುವುದು ಸುಲಭ. ಇದು ಕಂಡರೆ ನಿಮ್ಮ ಜೋಡಣೆ ಸರಿಯಿದೆ.

ಹವ್ಯಾಸಿಗಳ ಸಂಕೇತಕ್ಕೆ ಎರಡೂ ತುದಿಯಲ್ಲಿ ಕತ್ತಲಿರಬೇಕು, ಹಗಲಿನಲ್ಲಿ ಅಯಾನುಗೋಳದ ಕೆಳಪದರ ನುಂಗಿಬಿಡುತ್ತದೆ. ಡಿಸೆಂಬರ್ ಲೆಕ್ಕ: ಜಪಾನಿಗೆ ನಮ್ಮ ಸಂಜೆ ಆರೂವರೆಯಿಂದ ರಾತ್ರಿ ಮೂರರವರೆಗೆ, ಜರ್ಮನಿಯ ಕಡೆಗೆ ರಾತ್ರಿ ಒಂಬತ್ತರಿಂದ ಬೆಳಗಿನ ಆರೂವರೆವರೆಗೆ. ಕೊನೆಯ ಅರ್ಧ ಗಂಟೆ, ಇಲ್ಲಿ ಬೆಳಕು ಹರಿಯುವ ಮುನ್ನ, ಬಿಡಬೇಡಿ. ಏಪ್ರಿಲ್–ಮೇ ತಿಂಗಳ ಮುಂಗಾರುಪೂರ್ವ ಸಿಡಿಲು, ಅಕ್ಟೋಬರಿನ ಹಿಂಗಾರು ಸಿಡಿಲು ಇದ್ದಾಗ ಕೂರುವುದು ವ್ಯರ್ಥ. ಡಿಸೆಂಬರಿನಿಂದ ಫೆಬ್ರವರಿಯೇ ನಮ್ಮ ಸುಗ್ಗಿ. ವರದಿ ಕಳಿಸುವಾಗ ಗ್ರಿಡ್ ಸರಿಯಾಗಿ ಬರೆಯಿರಿ: ಮಂಗಳೂರು ಎಂಕೆ72, ಬೆಂಗಳೂರು ಮತ್ತು ಮೈಸೂರು ಎಂಕೆ82, ಧಾರವಾಡ ಎಂಕೆ75.

ಪ್ರಶ್ನೆ: ಇಲ್ಲಿ ಪರವಾನಗಿ ಇದೆ. 137ರಲ್ಲಿ 100 ವ್ಯಾಟ್ ಕೊಟ್ಟರೂ ಪಕ್ಕದ ರಾಜ್ಯದವರಿಗೆ ಕೇಳುವುದಿಲ್ಲ. ಆಂಟೆನಾ 10 ಮೀಟರ್ ಕಂಬ. — ಓದುಗರು, ಟೆಕ್ಸಸ್

ಕಂಬದ ತುದಿಯಲ್ಲಿ ಅಗಲವಾದ ತಂತಿಗಳ ಛತ್ರಿ ಹರಡಿದ್ದರೂ ಈ ಎತ್ತರಕ್ಕೆ ವಿಕಿರಣ ರೋಧ (ಅಲೆಯಾಗಿ ಹೊರಡುವ ಪಾಲನ್ನು ತೋರಿಸುವ ಓಮ್) ಕೇವಲ 0.03 ಓಮ್. ಛತ್ರಿ ಇಲ್ಲದಿದ್ದರೆ ಅದರ ಕಾಲು ಭಾಗ. ನೆಲ ಮತ್ತು ಕಾಯಿಲ್ ಸೇರಿ 80 ಓಮ್ ನಷ್ಟವಿದೆ ಎನ್ನೋಣ. 100 ವ್ಯಾಟ್‌ನಲ್ಲಿ ಹೊರಡುವುದು 0.04 ವ್ಯಾಟ್, ಉಳಿದದ್ದು ಮಣ್ಣು ಕಾಯಿಸುತ್ತದೆ. ಆಂಟೆನಾದ ದಿಕ್ಕಿನ ಗಳಿಕೆ ಸೇರಿಸಿದರೂ 0.12 ವ್ಯಾಟ್. ಹಣ ಇದ್ದರೆ ಆಂಪ್ಲಿಫೈಯರ್‌ಗೆ ಸುರಿಯಬೇಡಿ, ಛತ್ರಿಗೆ ಮತ್ತು ಕಂಬದ ಬುಡದಿಂದ ಸುತ್ತಲೂ ಹರಡುವ ನೆಲದ ರೇಡಿಯಲ್ ತಂತಿಗಳಿಗೆ ಹಾಕಿ. ಮರಗಳಿಂದ ದೂರವಿಡಿ, ಹಸಿ ಎಲೆಗಳೂ ನಷ್ಟವೇ.

ಆಂಟೆನಾ ಕೆಪಾಸಿಟಿ 300 ಪಿಕೋಫ್ಯಾರಡ್ ಇದ್ದರೆ 4.5 ಮಿಲಿಹೆನ್ರಿ ಲೋಡಿಂಗ್ ಕಾಯಿಲ್ ಬೇಕು. ಆಗ ಕಾಯಿಲ್‌ನ ಮೇಲ್ತುದಿಯಲ್ಲಿ 4 ಕಿಲೋವೋಲ್ಟ್‌ಗೂ ಹೆಚ್ಚು ಇರುತ್ತದೆ. ಕಾಯಿಲ್ ಡಬ್ಬಿಗೆ ಬೀಗ, ಸುತ್ತ ಬೇಲಿ ಕಡ್ಡಾಯ. ತಂತಿಯನ್ನು ಹಿಡಿದ ಹಗ್ಗ ಒದ್ದೆಯಾದರೆ ಅದೂ ಸುಡುತ್ತದೆ.

ಅಮೆರಿಕದಲ್ಲಿ 2017ರ ನಿಯಮದಂತೆ ಪ್ರಸಾರಕ್ಕೆ ಮುನ್ನ ಯುಟಿಲಿಟೀಸ್ ಟೆಕ್ನಾಲಜಿ ಕೌನ್ಸಿಲ್‌ಗೆ ಆಂಟೆನಾದ ಜಾಗ ತಿಳಿಸಿ 30 ದಿನ ಕಾಯಬೇಕು. ಒಂದು ಕಿಲೋಮೀಟರ್ ಒಳಗೆ ಅದೇ ಆವರ್ತನದ ಪಿಎಲ್‌ಸಿ (ಮೇಲೆ ಹೇಳಿದ ಪಿಎಲ್‌ಸಿಸಿಯೇ) ಇರುವ ಪ್ರಸರಣ ಮಾರ್ಗವಿದ್ದರೆ ಅನುಮತಿಯಿಲ್ಲ. ಅದನ್ನು ಮುಗಿಸಿದ್ದೀರಿ ಎಂದುಕೊಳ್ಳುತ್ತೇವೆ.

ಪ್ರಶ್ನೆ: ಗ್ರಿಮೆಟನ್‌ನ ಹಳೆಯ ಯಂತ್ರವನ್ನು ಕೇಳುವುದು ಹೇಗೆ? — ಓದುಗರು, ಕೋಪನ್‌ಹೇಗನ್

ನೀವು ಹತ್ತಿರದಲ್ಲೇ ಇದ್ದೀರಿ. ಸ್ವೀಡನ್‌ನ ಗ್ರಿಮೆಟನ್‌ನಲ್ಲಿರುವ ಎಸ್‌ಎಕ್ಯೂ ಕೇಂದ್ರದ 1924ರ ಅಲೆಕ್ಸಾಂಡರ್ಸನ್ ಆಲ್ಟರ್ನೇಟರ್‌ನಲ್ಲಿ ವಾಲ್ವೂ ಇಲ್ಲ, ಟ್ರಾನ್ಸಿಸ್ಟರೂ ಇಲ್ಲ. ತಿರುಗುವ ಚಕ್ರವೇ 17.2 ಕಿಲೋಹರ್ಟ್ಸ್ ಹುಟ್ಟಿಸುತ್ತದೆ. ಜುಲೈ 2ರ ಆಸುಪಾಸಿನ ಭಾನುವಾರ ಮತ್ತು ಡಿಸೆಂಬರ್ 24ರ ಬೆಳಿಗ್ಗೆ ಸಾಮಾನ್ಯವಾಗಿ ಮೋರ್ಸ್ ಸಂದೇಶ ಹೊರಡುತ್ತದೆ. ಮಂಗಳೂರಿನ ಪ್ರಶ್ನೆಗೆ ಹೇಳಿದ ತಂತಿ-ಡಯೋಡ್ ಜೋಡಣೆ ಮತ್ತು ಎಸ್‌ಎಕ್ಯೂ-ಆರ್‌ಎಕ್ಸ್ ಎಂಬ ಉಚಿತ ತಂತ್ರಾಂಶ ಸಾಕು. ರಿಸೀವರ್ ಇದ್ದರೆ ಅಪ್ಪರ್ ಸೈಡ್‌ಬ್ಯಾಂಡ್‌ನಲ್ಲಿ ಡಯಲ್ 16.5 ಇಡಿ, 700 ಹರ್ಟ್ಸ್ ಸ್ವರ ಕೇಳುತ್ತದೆ. ಯಂತ್ರ ವೇಗಕ್ಕೆ ಬರಲು ಸಮಯ ಹಿಡಿಯುವುದರಿಂದ ಸಂದೇಶಕ್ಕೆ ಅರ್ಧ ಗಂಟೆ ಮೊದಲೇ ಟ್ಯೂನಿಂಗ್ ಶುರುವಾಗುತ್ತದೆ, ಆಗಲೇ ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಕೂತುಕೊಳ್ಳಿ.